ಮೈಕಣ್ಣನ ದೇಶಪ್ರೇಮ

ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟುಕೊಂಡಿದ್ದರಿಂದ ಅವನಿಗೆ ಮೈಕಣ್ಣ ಎಂದೇ ಹೆಸರಾಯಿತು. ನಮ್ಮ ದೇಶದ ವಾಲಿಬಾಲ್ ತಂಡಕ್ಕೆ ಸೋಲೆಂದರೇನೆಂದು ಮರೆತುಹೋಗಿದ್ದ ಕಾಲದಲ್ಲಿ ಕ್ರೀಡಾಂಗಣದಲ್ಲಿ ಆಟದ ವಿವರ ಹೇಳುತ್ತಿದ್ದವನೂ ಅವನೇ. ಹೇಳುವುದು ಕಡಿಮೆ, ಬಂದವರ ಮಾನ ಹರಾಜು ಹಾಕುವುದೇ ಹೆಚ್ಚು. ಹೊರದೇಶದ ಆಟಗಾರರ ಹೆಸರುಗಳನ್ನು ಬೇಕಂತಲೇ ತಿರುಚುವನು. ಅವರ ಸರ್ವ್ ನೆಟ್ಟಿಗೆ ಬಡಿದರೆ, "ಅಯ್ಯೋ ಪಾಪ, ಇವರೂರಲ್ಲಿ ನೆಟ್ಟು ನೆಲದ ಮೇಲೇ ಬಿದ್ದಿರುತ್ತೇನೋ!" ಎನ್ನುವನು. ಜನ ಬಿದ್ದು ಬಿದ್ದು ನಗುತ್ತಿದ್ದರು. ಮುಂದಿನ ಸಾಲಿನಲ್ಲಿ ಹೊಟ್ಟೆ ಕುಣಿಸುತ್ತ ನಗುತ್ತಿದ್ದವರು ವಾಲಿಬಾಲ್ ಸಂಘದ ಅಧ್ಯಕ್ಷರು. ಅವರು ಚೆಂಡು ಮುಟ್ಟುತ್ತಿದ್ದುದು ಉದ್ಘಾಟನೆಯ ದಿನ ಮಾತ್ರ.

ಒಂದು ಪುಟ್ಟ ದ್ವೀಪದ ತಂಡ ಮಾತ್ರ ಸೋತು ಸುಮ್ಮನೆ ಮರಳುತ್ತಿರಲಿಲ್ಲ. ನಮ್ಮವರ ಅಭ್ಯಾಸವನ್ನು ಗೋಡೆಗೊರಗಿ ನೋಡುತ್ತಿತ್ತು. ಅಧ್ಯಕ್ಷರು ತಮ್ಮ ಅಳಿಯನಿಗೆ ಜಾಗ ಮಾಡಿಕೊಡಲೆಂದು ನಮ್ಮ ತರಬೇತುದಾರನನ್ನು ಓಡಿಸಿದಾಗ, ಆತನನ್ನೂ ಕರೆದುಕೊಂಡು ಹೋಯಿತು.

"ನಮ್ಮ ಕಸ ಆರಿಸ್ಕೊಂಡು ಹೋದ್ರು" ಎಂದು ಮೈಕಣ್ಣ ಮೈಕಿನಲ್ಲೇ ಹೇಳಿದ.

ಆ ಕಸ ಮರುವರ್ಷ ಫೈನಲ್ಲಿಗೆ ಬಂದು ನಿಂತಿತು. ಮೊದಲ ಸೆಟ್ಟು ಹೋದಾಗ ಮೈಕಣ್ಣ, ನಮ್ಮ ಹುಡುಗರಿಗೆ ನೆಗಡಿಯೆಂದ. ಎರಡನೆಯದೂ ಹೋದಾಗ, ದೀಪ ಕಣ್ಣಿಗೆ ಹೊಡೆಯುತ್ತಿದೆ ಎಂದ. ಪಕ್ಕದಲ್ಲಿ ವೈರು ನೋಡಿಕೊಳ್ಳುತ್ತಿದ್ದ ಹೆಂಡತಿ ಕೇಳಿದಳು: "ಆ ಕಡೆ ಆಡೋರಿಗೆ ಬೇರೆ ದೀಪ ಇದೆಯೇನ್ರೀ?"

ಮೂರನೆಯ ಸೆಟ್ಟೂ ಕೈಜಾರುತ್ತಿದ್ದಂತೆ ಅಧ್ಯಕ್ಷರು ಏದುಸಿರು ಬಿಡುತ್ತ ಬಂದರು.

"ಲೋ, ಮೈಕ್ ಕೆಟ್ಟಿದೆ ಅಂತ ಹೇಳಿ ಆಫ್ ಮಾಡು. ಕಪ್ಪು ಕೊಡೋದನ್ನ ಒಳಗಡೆ ರೂಮಲ್ಲಿ ಮುಗಿಸಿಬಿಡ್ತೀವಿ."

ಅಷ್ಟು ಹೊತ್ತು ದೇಶದ ಮಾನಕ್ಕಾಗಿ ಬಡಿದಾಡುತ್ತಿದ್ದವನಿಗೆ ತಟ್ಟನೆ ಅಂಗಡಿಯ ಮಾನ ನೆನಪಾಯಿತು.

"ನನ್ನ ಮೈಕ್ ಕೆಟ್ಟಿದೆ ಅಂತ ನಾನೇ ಹೇಳ್ಬೇಕಾ ಸಾರ್? ನಾಳೆ ಯಾರು ಬರ್ತಾರೆ ನನ್ನ ಅಂಗಡಿಗೆ?"

"ಅಂಗಡಿ ದೊಡ್ಡದೋ, ದೇಶ ದೊಡ್ಡದೋ?"

"ದೇಶಾನ ನಿಮ್ಮ ಅಳಿಯ ನೋಡ್ಕೋತಿದಾರಲ್ಲ ಸಾರ್!"

ಹೆಂಡತಿ ಸ್ವಿಚ್ಚಿನ ಮೇಲೆ ಕೈಯಿಟ್ಟಿದ್ದಳು, ಆರಿಸಿರಲಿಲ್ಲ. ಇಡೀ ಕ್ರೀಡಾಂಗಣ ಕೇಳಿಸಿಕೊಂಡು ನಕ್ಕಿತು. ಅಧ್ಯಕ್ಷರಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಪ್ರಶಸ್ತಿ ಕೊಡುವಾಗ ಮೈಕಣ್ಣ ದ್ವೀಪದವರ ಒಬ್ಬೊಬ್ಬರ ಹೆಸರನ್ನೂ ಕೇಳಿ ತಿಳಿದುಕೊಂಡು ಸರಿಯಾಗಿ ಹೇಳಿದ. ಅದೇನೂ ದೊಡ್ಡತನವಲ್ಲ. ತಪ್ಪು ಹೇಳಿದರೆ ಇನ್ನು ಯಾರೂ ನಗುವುದಿಲ್ಲವೆಂದು ಅವನಿಗೆ ಗೊತ್ತಾಗಿತ್ತು, ಅಷ್ಟೇ.

ಮೈಕಣ್ಣನಿಗೆ ಕ್ರೀಡಾಂಗಣದ ಕೆಲಸ ಕೈತಪ್ಪಿತು. ಮುಂದಿನ ವರ್ಷ, ಸೋಲುವುದು ಖಾತ್ರಿಯಿದ್ದ ತಂಡಗಳನ್ನಷ್ಟೇ ಅಧ್ಯಕ್ಷರು ಕರೆಸಿದರು. ನಾವು ಮತ್ತೆ ಚಾಂಪಿಯನ್ನರಾದೆವು, ಅಳಿಯನಿಗೆ ಹಾರ ಬಿತ್ತು. ತಮ್ಮನ್ನು ಕರೆದಿಲ್ಲವೆಂಬುದು ದ್ವೀಪದವರ ಗಮನಕ್ಕೂ ಬಂದಿರಲಿಕ್ಕಿಲ್ಲ. ಅವರು ಬೇರೆಲ್ಲೋ ನಮಗಿಂತ ಗಟ್ಟಿಗರ ಜೊತೆ ಆಡುತ್ತಿದ್ದರು. ಆ ಪಂದ್ಯವನ್ನು ಮೈಕಣ್ಣ ಮನೆಯ ಟೀವಿಯಲ್ಲಿ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದ.

"ಈಗ ಯಾರ ಕಡೆ ನೀವು?" ಎಂದಳು ಹೆಂಡತಿ.

"ಗೆಲ್ಲೋರ ಕಡೆ" ಎಂದ, ಒಂದಿಷ್ಟೂ ನಾಚದೆ.