ಶನಿವಾರದ ನೀರು

ನಾಸಿಕದ ಕಾನ್ವೆಂಟ್ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವಳು ಯಹೂದಿ ಹುಡುಗಿ. ಮನೆಮಾತು ಮರಾಠಿ. ನಮ್ಮ ಬೀದರ ಕಡೆಯ ಕನ್ನಡವನ್ನು ಅವಳು ಕಲಿತದ್ದು ನನ್ನಿಂದ, ಮೊದಲು ಬೈಗುಳ, ಆಮೇಲೆ ಉಳಿದದ್ದು. ಅದಕ್ಕೆ ಪ್ರತಿಯಾಗಿ ಸಂಬಾಟಿಯೋನ್ ನದಿಯ ಕಥೆ ಹೇಳುತ್ತಿದ್ದಳು. ವಾರದ ಆರು ದಿನ ಆ ನದಿ ಬಂಡೆಗಳನ್ನು ಉರುಳಿಸುತ್ತ ಹರಿಯುತ್ತದಂತೆ. ದಾಟಲು ಯಾರಿಗೂ ಆಗದು. ಶನಿವಾರ, ಯಾವ ಕೆಲಸವನ್ನೂ ಮಾಡಬಾರದ ಅವರ ಸಬ್ಬತ್ ದಿನ, ಸುಮ್ಮನಾಗುತ್ತದೆ. ಆದರೆ ಆಚೆ ದಡದಲ್ಲಿ ಉಳಿದ ಅವರ ಜನ ಅಂದು ಪ್ರಯಾಣ ಮಾಡುವಂತಿಲ್ಲ.

"ಸಿಲ್ಲಿ ಪೀಪಲ್! ಒಂದಿನ ರೂಲ್ ಮುರದ್ರ ಏನಾಗ್ತದ?" ಎಂದು ನಾನು ನಗುತ್ತಿದ್ದೆ.

ಈಗ ಇಬ್ಬರಿಗೂ ಎಪ್ಪತ್ತು ದಾಟಿದೆ. ಅವಳಿರುವುದು ಸಂಭಾಜಿನಗರದಲ್ಲಿ, ಮೊದಲ ಮಹಡಿಯಲ್ಲಿ. ಅಲ್ಲಿ ನಲ್ಲಿಗೆ ನೀರು ಬರುವುದು ವಾರಕ್ಕೊಮ್ಮೆ, ಮುಕ್ಕಾಲು ಗಂಟೆ. ಅವಳ ಗಲ್ಲಿಯ ಪಾಳಿ ಶನಿವಾರ. ಮೋಟರ್ ಹಾಕದಿದ್ದರೆ ಮೇಲಿನ ಟ್ಯಾಂಕಿಗೆ ಹನಿಯೂ ಏರುವುದಿಲ್ಲ. ಸಬ್ಬತ್ತಿನಂದು ಅವಳು ಸ್ವಿಚ್ ಮುಟ್ಟುವುದಿಲ್ಲ, ಒತ್ತೆಂದು ಇನ್ನೊಬ್ಬರಿಗೂ ಹೇಳುವುದಿಲ್ಲ. ಕೆಳಗಿನ ಮನೆಯ ಚಾಚಿಗೆ ಅದು ಗೊತ್ತು. ಪ್ರತಿ ಶನಿವಾರ ಬಂದು, ಸೊಸೆಯನ್ನು ಬೈದುಕೊಳ್ಳುತ್ತ ತಾನಾಗಿ ಸ್ವಿಚ್ ಒತ್ತಿ ಹೋಗುತ್ತಿದ್ದಳು.

ಕಳೆದ ತಿಂಗಳು ನಾನು ಹೋದಾಗ ಚಾಚಿ ಮನೆಗೆ ಬೀಗ ಹಾಕಿ ಮಗಳ ಬಾಣಂತನಕ್ಕೆಂದು ಮಾಲೇಗಾಂವಿಗೆ ಹೋಗಿದ್ದಳು. ಶನಿವಾರ ಬೆಳಿಗ್ಗೆ ಅಂಗಳದ ನಲ್ಲಿ ಗೊರಗುಟ್ಟಿತು. ಅಕ್ಕಪಕ್ಕದ ಮೋಟರುಗಳೆಲ್ಲ ಒಟ್ಟಿಗೆ ಶುರುವಾದವು. ನಾನು ಎದ್ದು ಸ್ವಿಚ್ಚಿನ ಹತ್ತಿರ ಹೋದೆ. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಮ್ಯಾನರ್ಸ್ ಮೈಗೆ ಹತ್ತಿದೆಯಲ್ಲ, ತಿರುಗಿ ಕೇಳಿದೆ:

"ಶಲ್ ಐ?"

ಅವಳು ಕಣ್ಣು ಮುಚ್ಚಿದಳು.

"ಯಾಕ ಕೇಳ್ದಿ?"

"ನಿನ್ ಮನಿ ಅಲ್ಲೇನ? ಪರ್ಮಿಷನ್ ಬ್ಯಾಡಾ?"

"ಹುಚ್ಚಿ. ಕೇಳದ ಒತ್ತಿದ್ರ ಮುಗೀತಿತ್ತು. ಈಗ ಹೂಂ ಅಂದ್ರ ನಾನೇ ಹೇಳಿ ಮಾಡ್ಸಿದಂಗ."

"ಹಂಗಾದ್ರ ನನ್ನ ಸ್ನಾನಕ್ಕಂತ ಹಾಕ್ತೀನಿ."

"ನಸುಕಿನ್ಯಾಗೇ ಮಿಂದೀಯಲ್ಲ, ಪೌಡರ್ ವಾಸನಿ ಇಲ್ಲಿತನಾ ಬರ್ಲಿಕತ್ತದ. ನೀ ಒತ್ತಿದ್ರ ನಾ ತಡಿಯಂಗಿಲ್ಲ. ಆದ್ರ ನನ್ನ ಕೇಳಿ ಹಾಕಿದ ನೀರು ನಾ ಮುಟ್ಟಂಗಿಲ್ಲ."

ನನ್ನ ಬೆರಳು ಸ್ವಿಚ್ಚಿನ ಮೇಲೇ ಇತ್ತು. ಒತ್ತಿದರೆ ಟ್ಯಾಂಕ್ ತುಂಬುತ್ತದೆ, ಅವಳು ವಾರವೆಲ್ಲ ಅದರ ಕೆಳಗೆ ಬಾಯಾರಿ ಕೂರುತ್ತಾಳೆ. ಅವಳ ಹಟ ನನಗೆ ಗೊತ್ತು. ಕೈ ತೆಗೆದೆ.

ಬಕೆಟ್ಟಿಗೆ ಅವಳ ನಿಯಮದ ಅಡ್ಡಿಯಿರಲಿಲ್ಲ. ಅಡ್ಡಿಯಾದದ್ದು ಅವಳ ಆಪರೇಷನ್ ಆದ ಮಂಡಿ, ನನ್ನ ಫ್ರೋಜನ್ ಶೋಲ್ಡರ್. ಅರ್ಧರ್ಧ ತುಂಬಿ ಎರಡು ಸಲ ಹತ್ತಿಳಿದೆ. ಮೂರನೆಯ ಸಲ ಮೆಟ್ಟಿಲ ಮೇಲೇ ಕುಳಿತುಬಿಟ್ಟೆ. ಟ್ಯಾಂಕರ್ ಆ ಗಲ್ಲಿಯೊಳಗೆ ತಿರುಗುವುದಿಲ್ಲ. ಅವಳು ಗೋಡೆ ಹಿಡಿದು ಇಳಿದು ಬಂದು ಪಕ್ಕದಲ್ಲಿ ಕುಳಿತಳು. ನಲ್ಲಿಯ ಧಾರೆ ಸಣ್ಣಗಾಗುವುದನ್ನು ಇಬ್ಬರೂ ನೋಡಿದೆವು.

"ಸಿಲ್ಲಿ ಪೀಪಲ್," ಎಂದಳು, ನನ್ನದೇ ದನಿಯಲ್ಲಿ.

ನನಗೆ ನಗು ಬರಲಿಲ್ಲ. ನಲ್ಲಿ ಒಮ್ಮೆ ಕೆಮ್ಮಿ ನಿಂತಿತು.

ಮರುದಿನ ಬೀದರದ ಬಸ್ಸಿಗೆ ಹೊರಟಾಗ ನನ್ನ ಬ್ಯಾಗಿನಲ್ಲಿ ಒಂದು ಲೀಟರಿನ ನೀರಿನ ಬಾಟಲಿಯಿತ್ತು, ಊರಿನಿಂದ ತಂದದ್ದು, ಇನ್ನೂ ತೆರೆದಿರಲಿಲ್ಲ. ಅವಳು ಚಪ್ಪಲಿ ಹುಡುಕುತ್ತಿದ್ದಾಗ ಅದನ್ನು ಅಡುಗೆಕಟ್ಟೆಯ ಮೇಲಿಟ್ಟೆ. ಈ ಸಲ ಕೇಳಲಿಲ್ಲ.

ಮುಂದಿನ ಪಾಳಿಗೆ ಇನ್ನೂ ಆರು ದಿನ. ಅದೂ ಶನಿವಾರವೇ.