ಹುನಗುಂದದ ತಿಮಿಂಗಿಲ

ನಾನು ಹುನಗುಂದದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ದಿನಾ ಇಳಕಲ್ಲಿನಿಂದ ಬಸ್ಸಿನಲ್ಲಿ ಹೋಗಿಬರುತ್ತೇನೆ. ಎರಡು ವರ್ಷದ ಹಿಂದೆ ಕಾಲೇಜಿಗೆ ತಪಾಸಣಾ ಸಮಿತಿ ಬರುವುದಿತ್ತು. ನಮ್ಮ ಅಧ್ಯಾಪಕರು ಬರೆದ ಸಂಶೋಧನಾ ಲೇಖನಗಳ ಪಟ್ಟಿ ಮಾಡಿಕೊಡಿ ಎಂದು ಪ್ರಿನ್ಸಿಪಾಲರು ನನಗೆ ಹೇಳಿದರು. ಅಂತರ್ಜಾಲದಲ್ಲಿ ಹುಡುಕಿದರೆ ಸಿಕ್ಕಿದ್ದು ಎರಡೇ.

ಲೇಖನಗಳೇನೋ ಬೇಕಾದಷ್ಟಿದ್ದವು. ಆದರೆ ಕಾಲೇಜಿನ ಹೆಸರನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆದಿದ್ದರು. ಒಬ್ಬರು ಇಂಗ್ಲಿಷಿನಲ್ಲಿ ಊರಿನ ಹೆಸರಿಗೆ ಒಂದು ‘ಎ’ ಹೆಚ್ಚು ಹಾಕಿದ್ದರು, ಇನ್ನೊಬ್ಬರು ಒಂದು ‘ಯು’ ನುಂಗಿದ್ದರು. ಬಾದಾಮಿಯಿಂದ ಬರುವ ಇತಿಹಾಸದವರು ‘ಬಾಗಲಕೋಟೆ ಜಿಲ್ಲೆ’ ಎಂದಷ್ಟೇ ಬರೆದು ಕಾಲೇಜನ್ನೇ ಮರೆತಿದ್ದರು. ಕೆಮಿಸ್ಟ್ರಿಯವರು ‘ಬಸ್ ನಿಲ್ದಾಣದ ಹತ್ತಿರ’ ಎಂದು ಸೇರಿಸಿದ್ದರು. ಓದಿದವರು ಯಾರಾದರೂ ಹುಡುಕಿಕೊಂಡು ಬಂದರೆ ತೊಂದರೆಯಾಗಬಾರದಂತೆ. ಕಂಪ್ಯೂಟರಿನ ಪಾಲಿಗೆ ಇವೆಲ್ಲ ಬೇರೆ ಬೇರೆ ಕಾಲೇಜುಗಳು.

ಸಂಶೋಧನೆ ನಡೆಯುವ ಸಂಸ್ಥೆಗಳಿಗೆ, ನಮಗೆಲ್ಲ ಆಧಾರ್ ಇದ್ದ ಹಾಗೆ, ಎಂದೂ ಬದಲಾಗದ ಗುರುತಿನ ಸಂಖ್ಯೆ ಕೊಡುವ ಜಾಗತಿಕ ಪಟ್ಟಿಯೊಂದಿದೆ. ಹೆಸರು ಹೇಗೇ ಬರೆದಿರಲಿ, ಆ ಸಂಖ್ಯೆಯಡಿ ಲೇಖನಗಳು ಒಂದೆಡೆ ಸೇರುತ್ತವೆ. ನಾನು ಅರ್ಜಿ ಹಾಕಿದೆ. ಕೆಲವು ವಾರಗಳಲ್ಲಿ ಅಕ್ಷರ, ಅಂಕಿ ಕಲಸಿದ ಸಂಖ್ಯೆಯೊಂದು ಬಂತು. ಪ್ರಿನ್ಸಿಪಾಲರು ಅದನ್ನು ಬಹಳ ಹೊತ್ತು ನೋಡಿದರು.

“ಮೇಡಂ, ಕಡೀಕ ಒಂಬತ್ತು ಬರೂವಂಗ ಬದಲಿ ಮಾಡಿ ಕೊಡ್ತಾರೇನ್ರಿ?”

ಅವರ ಸ್ಕೂಟರಿನ ನಂಬರೂ ಒಂಬತ್ತರಲ್ಲೇ ಮುಗಿಯುತ್ತದೆ. ಇದು ಕಾಯಂ ಸಂಖ್ಯೆ, ಬದಲಾಗುವುದಿಲ್ಲ ಎಂದು ತಿಳಿಸಿ ಹೇಳುವಷ್ಟರಲ್ಲಿ ಚಹಾ ಆರಿಹೋಯಿತು.

ಮುಂದಾದ ಫಜೀತಿಗೆ ಕಾರಣ ನಾನೇ. ಅರ್ಜಿಯಲ್ಲಿ ‘ಸಂಸ್ಥೆಯ ಬೇರೆ ಹೆಸರುಗಳು’ ಎಂಬ ಜಾಗವಿತ್ತು. ಹುರುಪಿನಲ್ಲಿ, ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಬರೆಸಿದ್ದ ಮೂರು ಇಂಗ್ಲಿಷ್ ಅಕ್ಷರಗಳ ಗಿಡ್ಡ ಹೆಸರನ್ನೂ ತುಂಬಿಬಿಟ್ಟಿದ್ದೆ. ಮುಂದೆ ಹುಡುಕಿದಾಗ ಪುಟ ತುಂಬ ಲೇಖನಗಳು ಬಂದವು. ಪ್ರಿನ್ಸಿಪಾಲರು ಹಿಗ್ಗಿ, ಪಟ್ಟಿಯನ್ನು ಅಂದೇ ಸಮಿತಿಗೆ ಕಳಿಸಿ, ಅಮೀನಗಡದಿಂದ ಕರದಂಟು ತರಿಸಿದರು.

ನಮ್ಮ ಪ್ರಾಣಿಶಾಸ್ತ್ರದ ಸರ್ ಮಲಪ್ರಭೆಯ ಮೀನುಗಳ ಬಗ್ಗೆ ಬರೆದವರು, ಭಾಳ ಮೆತ್ತಗಿನ ಮನುಷ್ಯ. ಕರದಂಟು ಬಾಯಿಗಿಟ್ಟುಕೊಂಡು ಪಟ್ಟಿ ಓದುತ್ತಿದ್ದವರು ಅಗಿಯುವುದನ್ನೇ ನಿಲ್ಲಿಸಿದರು. ಅವರ ಮೀನುಗಳ ಕೆಳಗೇ ತಿಮಿಂಗಿಲದ ಕಿವಿಯ ಗುಗ್ಗೆಯ ಬಗ್ಗೆ ಒಂದು ಲೇಖನವಿತ್ತು. ಬೇರೆ ರಾಜ್ಯದ ಕಡಲ ತೀರದಲ್ಲೂ ಅದೇ ಮೂರಕ್ಷರದ ಕಾಲೇಜೊಂದು ಇದ್ದು, ಅವರ ತಿಮಿಂಗಿಲ ನಮ್ಮ ಪಾಲಿಗೆ ಬಂದಿತ್ತು.

ಸಮಿತಿ ಬರಲು ಮೂರೇ ದಿನ. ಸಂಖ್ಯೆ ಕೊಟ್ಟವರಿಗೆ ತಿದ್ದುಪಡಿಗೆ ಬರೆದೆ, ಆದರೆ ಅಷ್ಟರಲ್ಲಿ ಆಗುವಂತಿರಲಿಲ್ಲ. ಯಾರೂ ಕೇಳುವುದಿಲ್ಲ, ಸುಮ್ಮನಿರಿ ಎಂದರು ಪ್ರಿನ್ಸಿಪಾಲರು. ಪ್ರಾಣಿಶಾಸ್ತ್ರದ ಸರ್‌ಗೆ ಮಾತ್ರ ಧೈರ್ಯ ಸಾಲಲಿಲ್ಲ. ಕೇಳಿದರೆ ತಮ್ಮನ್ನೇ ಕೇಳುತ್ತಾರೆಂದು ಎರಡು ದಿನ ಲೈಬ್ರರಿಯಲ್ಲಿ ಕೂತು ಆ ಲೇಖನವನ್ನು ಪರೀಕ್ಷೆಗೆ ಓದುವವರಂತೆ ಓದಿದರು.

ಸಮಿತಿಯ ಹಿರಿಯ ಮಹಿಳೆಯೊಬ್ಬರು ಅದನ್ನೇ ಕೇಳಿದರು: ತಿಮಿಂಗಿಲದ ಕೆಲಸ ಮಾಡಿದವರು ಯಾರು? ಎಲ್ಲರೂ ಒಂದೇ ಕಡೆ ನೋಡಿದೆವು. ಸರ್ ಎದ್ದು ನಿಂತರು. ತಿಮಿಂಗಿಲದ ಗುಗ್ಗೆ ಉದುರುವುದಿಲ್ಲ, ಪದರ ಪದರವಾಗಿ ಕೂಡುತ್ತದೆ, ಆ ಪದರಗಳಿಂದ ಅದರ ವಯಸ್ಸು ತಿಳಿಯುತ್ತದೆ ಎಂದು ಹತ್ತು ನಿಮಿಷ ಸೊಗಸಾಗಿ ವಿವರಿಸಿದರು. ಆ ಮಹಿಳೆ ಬರೆದುಕೊಳ್ಳುತ್ತಲೇ ಇದ್ದರು.

“ಆದ್ರ ಇದು ನಾ ಬರದದ್ದಲ್ರಿ,” ಎಂದರು ಸರ್ ಕೊನೆಗೆ. “ನಾ ಬರೇ ಓದೇನಿ. ತಿಮಿಂಗಿಲ ಕಣ್ಣಿಲೆ ಸೈತ ಕಂಡಿಲ್ರಿ.”

ಪ್ರಿನ್ಸಿಪಾಲರು ಫ್ಯಾನಿನ ಕಡೆ ನೋಡತೊಡಗಿದರು. ನಾನೇ ಎದ್ದು ಮೂರಕ್ಷರದ ಕತೆ ಒಪ್ಪಿಸಿದೆ. ಆಕೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆ ಲೇಖನಕ್ಕೆ ಅಡ್ಡಗೆರೆ ಎಳೆದು, ಬರೆದವರಿಗೂ ಇದು ಇಷ್ಟು ಚೆನ್ನಾಗಿ ಗೊತ್ತಿರಲಿಕ್ಕಿಲ್ಲ ಎಂದರು. ಸರ್ ಮುಖ ಕೆಂಪಾಗಿ ಕುಳಿತರು.

ಮೂರಕ್ಷರವನ್ನು ತೆಗೆಸಿದೆ. ಆಮೇಲೆ ಆ ಕಡಲ ತೀರದ ಕಾಲೇಜಿನ ಗ್ರಂಥಪಾಲಕಿ ಫೋನ್ ಮಾಡಿದರು. ಇಳಕಲ್ ಸೀರೆಯ ಬಣ್ಣ ನಿಲ್ಲುವ ಬಗೆಗಿನ ನಮ್ಮ ಕೆಮಿಸ್ಟ್ರಿಯವರ ಲೇಖನ ಅದೇ ಮೂರಕ್ಷರದ ದೆಸೆಯಿಂದ ಅವರ ಪಟ್ಟಿಯಲ್ಲಿ ಕೂತಿತ್ತಂತೆ, ಅವರಲ್ಲಿ ಯಾರೂ ತಮ್ಮದೆಂದು ಒಪ್ಪಿರಲಿಲ್ಲವಂತೆ. ಇಟ್ಟುಕೊಂಡಿದ್ದಕ್ಕೆ ಕ್ಷಮೆ ಕೇಳಿದ ಮೇಲೆ, ಖರೇನೇ ಬಣ್ಣ ಬಿಡುವುದಿಲ್ಲವೇ ಎಂದು ವಿಚಾರಿಸಿದರು. ಲೇಖನದಲ್ಲಿ ಏನೇ ಇರಲಿ, ಮೊದಲ ಸಲ ಬೇರೆಯಾಗಿಯೇ ಒಗೆಯಿರಿ ಎಂದೆ.