ಶ್ರಾದ್ಧದ ದಿನ ಬಾಗಿಲಿಗೆ ಬಂದವಳು

ಚಿತ್ತವಾಡ್ಗಿಯ ಲಲಿತಾಳಿಗೆ ಅವಳು ಕೆಲಸ ಮಾಡುವ ಸಂಡೂರು ರಸ್ತೆಯ ಲಾರಿ ಆಫೀಸಿನವರು ಇಟ್ಟ ಹೆಸರು ‘ಸಂಶಯದಮ್ಮ’. ಇಟ್ಟರೆ ಇಡಲಿ, ಅವಳಿಗೇನೂ ಬೇಸರವಿಲ್ಲ. ಬ್ಯಾಂಕಿನ ಹೆಸರಲ್ಲಿ ಮೇಲ್ ಬಂದರೆ ಅದರೊಳಗಿನ ಲಿಂಕ್ ಒತ್ತುವ ಹೆಣ್ಣಲ್ಲ ಅವಳು. ಚಪ್ಪಲಿ ಮೆಟ್ಟಿಕೊಂಡು ಬ್ಯಾಂಕಿಗೇ ಹೋಗಿ ಕೇಳಿ ಬರುತ್ತಾಳೆ. ನಿಮ್ಮ ಪಾರ್ಸೆಲ್ ನಿಂತಿದೆ, ಕೂಡಲೇ ವಿವರ ತುಂಬಿ ಎಂದರೆ, “ನಿಂತಿದ್ರ ನಿಂದ್ರಲಿ ಬಿಡ್ರಿ” ಅನ್ನುತ್ತಾಳೆ.

ಅದಿರು ಸಾಗಿಸುವ ಚಾಲಕರೆಲ್ಲರ ಆಧಾರ್, ಲೈಸೆನ್ಸ್, ಪಾಸ್‌ಬುಕ್ಕಿನ ನಕಲು ಇರುವುದು ಅವಳ ಕಂಪ್ಯೂಟರಿನಲ್ಲಿ. ಪಾಪಿನಾಯಕನಹಳ್ಳಿಯ ದುರುಗೇಶ್‌ನಂಥವರು “ನಿನ್ ಕೈಯಾಗ ಕೊಟ್ಟೀವಕ್ಕ” ಎಂದು ನಂಬಿ ಕೊಟ್ಟವು. ಕಳ್ಳರ ಕೈಗೆ ಸಿಕ್ಕರೆ ಅವರ ಹೆಸರಲ್ಲಿ ಯಾರು ಏನು ಬೇಕಾದರೂ ಮಾಡಬಹುದು. ಆ ಭಯ ಲಲಿತಾಳಿಗೆ ಸದಾ ಇತ್ತು.

ಮಾಲೀಕ ಕಮಲಾಕರ ರಾಯರ ಮನೆಯಲ್ಲಿ ಅವರ ತಂದೆಯ ಶ್ರಾದ್ಧ. ಆ ದಿನವೇ ಅವರ ಹೆಸರಿನಲ್ಲಿ ಆಫೀಸಿಗೆ ಒಂದು ಮೇಲ್ ಬಂತು. ‘ವಿಮೆಯವರು ಕಾಯುತ್ತಿದ್ದಾರೆ. ಚಾಲಕರ ಕಾಗದವೆಲ್ಲ ತಾಸಿನೊಳಗೆ ಈ ಲಿಂಕಿಗೆ ಹಾಕು. ಶ್ರಾದ್ಧದಲ್ಲಿದ್ದೇನೆ, ಫೋನ್ ಮಾಡಬೇಡ.’

ಹೆಸರೇನೋ ರಾಯರದೇ. ಅದರ ಮೇಲೆ ಒತ್ತಿ ನೋಡಿದರೆ ವಿಳಾಸ ಮಾತ್ರ ಎಂದೂ ಕಾಣದ್ದು.

“ಹೊಸದು ಮಾಡ್ಕೊಂಡಿರ್ತಾರ” ಎಂದ ಲೆಕ್ಕ ಬರೆಯುವ ಎರ್ರೆಪ್ಪ. “ಜಲ್ದಿ ಕಳಿಸಿಬಿಡವ್ವ. ಲಾರಿ ನಿಂತ್ರ ನಮ್ಮ ಕೆಲಸಾನೂ ನಿಂತಂಗ.”

“ಮಡಿಯಾಗ ಇದ್ದೋರು ಫೋನ್ ಮುಟ್ಟಿ ಮೇಲ್ ಹೆಂಗ ಬರದ್ರಣ್ಣ?”

“ಮಗನ ಕೈಲೆ ಬರಸಿರ್ತಾರ. ಭಾಳ ಯೋಚಿಸಬ್ಯಾಡ.”

ಇರಬಹುದು. ಆದರೂ ಕೇಳದೆ ಕಳಿಸಲು ಲಲಿತಾ ಒಪ್ಪಲಿಲ್ಲ. ರಾಯರಿಗೂ ಮಗ ವೇದಾಂತ್‌ಗೂ ಫೋನ್ ಮಾಡಿದಳು, ಇಬ್ಬರೂ ಎತ್ತಲಿಲ್ಲ. ಉಳಿದದ್ದು ಒಂದೇ ದಾರಿ, ಮನೆಗೆ ಹೋಗಿ ಕೇಳುವುದು. ಶ್ರಾದ್ಧದ ಮನೆಗೆ, ಇನ್ನೂ ಬ್ರಾಹ್ಮಣರು ಎಲೆಯ ಮುಂದೆ ಕೂತಿರುವಾಗ, ಆಫೀಸಿನ ಕೆಲಸ ಹಿಡಿದು ಯಾರಾದರೂ ಹೋಗುತ್ತಾರೆಯೇ? ಕೆಲಸ ಹೋದರೂ ಹೋಗಬಹುದು. ಲಲಿತಾ ಸ್ಕೂಟರಿನ ಕೀಲಿ ತೆಗೆದುಕೊಂಡಳು. ಎಂಥ ಗಟ್ಟಿ ಎದೆ ನೋಡಿ!

ಹೊಸ್ತಿಲ ಹೊರಗೆ, ಮೆಟ್ಟಿಲ ಕೆಳಗೆ ನಿಂತು ಕೂಗಿದಳು. ಒಳಗಿನಿಂದ ರಾಯರ ತಾಯಿ ಕೃಷ್ಣಾಬಾಯಿ ಸಿಡಿದರು.

“ಯಾರದು? ಇವತ್ತ್ಯಾವ ದಿನ ಅನ್ನೋದಾದ್ರೂ ತಿಳಿಬಾರದೇನು?”

“ತಪ್ಪಾಯ್ತ್ರೀ ಅಮ್ಮಾರ. ಸಾಹೇಬ್ರಿಗೆ ಒಂದೇ ಮಾತು ಕೇಳಿ ಹೋಗ್ತೀನ್ರಿ.”

ಒದ್ದೆ ಪಂಚೆಯಲ್ಲೇ ರಾಯರು ಹೊರಗೆ ಬಂದರು, ಮುಖ ಗಂಟು ಹಾಕಿಕೊಂಡು. ಲಲಿತಾ ದೂರದಿಂದಲೇ ಫೋನ್ ಎತ್ತಿ ಹಿಡಿದು ಮೇಲ್ ಓದಿದಳು. ಓದಿ ಮುಗಿಯುವಷ್ಟರಲ್ಲಿ ಆ ಗಂಟು ಬಿಚ್ಚಿ ಮುಖ ಬಿಳಿಚಿಕೊಂಡಿತು.

“ನಾ ಯಾವ ಮೇಲೂ ಬರದಿಲ್ಲ. ಕಳಿಸಿಬಿಟ್ಟಿಯೇನು?”

“ಇಲ್ರೀ. ಕೇಳಿ ಕಳಿಸಾಣ ಅಂತ ಬಂದೀನಿ.”

ರಾಯರು ಅಲ್ಲೇ ಗೋಡೆಗೆ ಒರಗಿದರು. ಹಿಂದಿನ ದಿನ ತಾವೇ ತಮ್ಮ ಮೇಲಿಗೆ ಒಂದು ಉತ್ತರ ಕೂರಿಸಿದ್ದು ನೆನಪಾಯಿತು: ‘ನಾಳೆ ತಂದೆಯ ಶ್ರಾದ್ಧ, ಫೋನಿಗೆ ಸಿಗುವುದಿಲ್ಲ.’ ಮೇಲ್ ಬರೆದವರಿಗೆಲ್ಲ ಅದು ತಾನಾಗಿ ಹೋಗುತ್ತಿತ್ತು. ಕಳ್ಳನೂ ಹಾಗೇ ಬರೆದು ಶ್ರಾದ್ಧದ ಸುದ್ದಿ ತಿಳಿದುಕೊಂಡಿರಬೇಕು.

“ಎರ್ರೆಪ್ಪ ಕಳಿಸು ಅಂದಿದ್ನೇನು?” ಎಂದು ಕೇಳಿದರು. “ಅದಿರಲಿ ಬಿಡ್ರಿ, ಆ ಲಿಂಕ್ ಯಾರೂ ಒತ್ತದಂಗ ನೋಡ್ಕೋಬೇಕ್ರಿ” ಎಂದಳು ಲಲಿತಾ. ಅವನ ಮೇಲೆ ಚಾಡಿ ಹೇಳಲು ಅವಳು ಬಂದಿರಲಿಲ್ಲ.

ಬಾಗಿಲ ಮರೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡ ಕೃಷ್ಣಾಬಾಯಿ ಈಚೆ ಬಂದರು. ದನಿಯಲ್ಲಿ ಆಗಿನ ಬಿಸಿ ಇರಲಿಲ್ಲ.

“ಇಂಥಾ ದಿನ ನಮ್ಮ ಬಾಗಿಲಿಗೆ ಯಾರೂ ಬರಂಗಿಲ್ಲ ಅಂತ ತಿಳಕೊಂಡೇ ಆ ಕಳ್ಳ ಹಿಂಗ ಮಾಡ್ಯಾನ. ನೀ ಬಂದಿ ನೋಡವ್ವ.”

ಲಲಿತಾಳ ಕಣ್ಣು ತುಂಬಿತು. ಆದರೆ ನಿಲ್ಲಲಿಲ್ಲ; ಆಫೀಸಿನಲ್ಲಿ ಇನ್ನಾರಾದರೂ ಆ ಲಿಂಕ್ ಒತ್ತುವ ಮುನ್ನ ಅಲ್ಲಿಗೆ ತಲುಪಬೇಕೆಂದು ಸ್ಕೂಟರ್ ತಿರುಗಿಸಿದಳು.